ಶಾಲೆಯ ಛಾವಣಿ, ಶಾಲೆಯ ಬಾಗಿಲು
(ಸಂಘದ ಸಂಸ್ಥಾಪನಾ ದಿನದಂದು ಹೈರಿಡ್ಜ್‌ನಲ್ಲಿ ಮಾಡಿದ ಭಾಷಣ)



ವಾರಾಂತ್ಯದ ನಮ್ಮ ಕನ್ನಡ ತರಗತಿಗೆ ಸ್ವಂತದ್ದೊಂದು ಕೊಠಡಿ ಬೇಕೆಂಬ ಮಾತು ಬಹಳ ದಿನಗಳಿಂದ ನಡೆದಿದೆ. ಎಷ್ಟು ಚದರಡಿ, ಎಷ್ಟು ಶಿಲ್ಲಿಂಗ್ ಎಂಬ ಲೆಕ್ಕವೂ ಶುರುವಾಗಿದೆ. ಆ ಲೆಕ್ಕ ಮುಗಿಯುವ ಮೊದಲೇ ಛಾವಣಿ ಮತ್ತು ಬಾಗಿಲಿನ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ. ಮೇಷ್ಟರ ಮುಖಕ್ಕಿಂತ ಮೊದಲು ಮಗು ಕಾಣುವುದು ಇವೆರಡನ್ನೇ.

ಕರಾವಳಿಯಿಂದ ಬಂದ ನಮಗೆ ಶಾಲೆಯೆಂದರೆ ಕೆಂಪು ಹೆಂಚಿನ ಇಳಿಜಾರು ಮಾಡು, ಮುಂದೆ ಉದ್ದನೆಯ ಜಗಲಿ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಆ ಹೆಂಚು ಹಡಗೇರಿ ಪೂರ್ವ ಆಫ್ರಿಕಕ್ಕೂ ಬಂತು. ಇಲ್ಲಿನ ಕಟ್ಟಡದವರ ಬಾಯಲ್ಲಿ ‘ಮ್ಯಾಂಗಲೋರ್ ಟೈಲ್’ ಎಂಬ ಹೆಸರು ಇಂದಿಗೂ ಇದೆ. ನಮ್ಮಲ್ಲಿ ಬಹುಪಾಲು ಜನರಿಗಿಂತ ಮೊದಲೇ ಬಂದು ನೆಲೆಸಿದ ಊರವನೆಂದರೆ ಈ ಹೆಂಚೇ!

ಅಗ್ಗವೆಂದು ಮಬಾಟಿ ತಗಡು ಹಾಕಿಸಬಹುದು. ಆದರೆ ಏಪ್ರಿಲ್ ಮಳೆ ಬರಿಯ ತಗಡಿನ ಮೇಲೆ ಬಿದ್ದರೆ ಪಾಠ ನಿಂತಂತೆಯೇ. ಹಾಗೆಂದು ತಗಡನ್ನು ತಳ್ಳಿಹಾಕಬೇಕಿಲ್ಲ. ಬುರ್ಕಿನಾ ಫಾಸೊದ ಗಾಂಡೊ ಹಳ್ಳಿಯಲ್ಲಿ ಫ್ರಾನ್ಸಿಸ್ ಕೆರೆ 2001ರಲ್ಲಿ ಕಟ್ಟಿದ ಶಾಲೆಗೆ ಇರುವುದೂ ತಗಡೇ. ಮಣ್ಣಿಟ್ಟಿಗೆಯ ಒಳಛಾವಣಿಯಿಂದ ಅದನ್ನು ಎತ್ತರಿಸಿ ಕಬ್ಬಿಣದ ಸರಳುಗಳ ಮೇಲೆ ನಿಲ್ಲಿಸಿದ್ದಾರೆ. ನಡುವೆ ಗಾಳಿ ಹರಿದು ಸೆಕೆ ಹೊರಹೋಗುತ್ತದೆ. ದೂರದಿಂದ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಾಣುವ ಅಂದ ಬಂದದ್ದು ಸೆಕೆಗೆ ಹುಡುಕಿದ ಉಪಾಯದಿಂದ. 2022ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಜುಲೈಯಲ್ಲಿ ಸ್ವೆಟರ್ ತೊಡುವ ನೈರೋಬಿಗೆ ಅದರ ನಕಲು ಹೊಂದದು. ನಮಗೆ ಬೇಕಾದದ್ದು ಸದ್ದು ತಡೆಯುವ ಒಳಛಾವಣಿ, ಗೋಡೆಯಿಂದ ಚೆನ್ನಾಗಿ ಮುಂದೆ ಚಾಚಿದ ಸೂರು.

ಇನ್ನು ಬಾಗಿಲು. ದೆಹಲಿಯ ಸೆಕ್ರೆಟೇರಿಯಟ್ ಕಟ್ಟಿದ ಹರ್ಬರ್ಟ್ ಬೇಕರ್ ಅವರೇ ಇಲ್ಲಿನ ಪ್ರಿನ್ಸ್ ಆಫ್ ವೇಲ್ಸ್ ಶಾಲೆಯನ್ನೂ ವಿನ್ಯಾಸ ಮಾಡಿದರು. 1931ರಲ್ಲಿ ತೆರೆದ ಆ ಗಂಭೀರ ಕಟ್ಟಡದೊಳಗೆ ಓದಲು ಬಿಳಿಯರ ಹುಡುಗರಿಗೆ ಮಾತ್ರ ಪ್ರವೇಶವಿತ್ತು. ಏಷ್ಯನ್ನರಿಗೆ ಬೇರೆ ಶಾಲೆ, ಇಂದಿನ ಜಮ್ಹೂರಿ ಹೈಸ್ಕೂಲು. ಈಗ ಅದೇ ಕಟ್ಟಡ ನೈರೋಬಿ ಸ್ಕೂಲ್. ಹೊಸ್ತಿಲು ಅದೇ, ದಾಟುವವರು ಎಲ್ಲರೂ.

ಇಂದು ಗೇಟು, ಅಸ್ಕಾರಿ, ವಿದ್ಯುತ್ ಬೇಲಿ ಇಲ್ಲದೆ ಆಗದು, ಅದರಲ್ಲಿ ವಾದವಿಲ್ಲ. ಆದರೆ ಗೇಟಿನಿಂದ ನೇರ ತರಗತಿಗೆ ಮಕ್ಕಳನ್ನು ನೂಕುವುದು ಬೇಡ. ನಡುವೆ ಜಗಲಿಯಿರಲಿ. ಊರಿನಿಂದ ಬಂದ ಅಜ್ಜ ಅಜ್ಜಿಯರು ಮೊಮ್ಮಕ್ಕಳನ್ನು ಬಿಟ್ಟು ಕಾರಿನಲ್ಲೇ ಕಾಯುತ್ತಾರೆ. ಅವರು ಅಲ್ಲಿ ಕುಳಿತರೆ, ಒಳಗೆ ಬರೆದ ‘ಅ ಆ ಇ ಈ’ಗೆ ಹೊರಗೆ ಮಾತು ಸಿಗುತ್ತದೆ. ಈ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಇಂಗ್ಲಿಷ್, ಸ್ವಾಹಿಲಿ ತಾವಾಗಿಯೇ ಬರುತ್ತವೆ, ಕನ್ನಡ ಹಾಗೆ ಬರುವುದಿಲ್ಲ.

ಹಣ ಸಾಲದಾದಾಗ ನಕ್ಷೆಯಿಂದ ಮೊದಲು ಅಳಿಸುವುದು ಜಗಲಿಯನ್ನೇ. ಕಟ್ಟಡ ಸಮಿತಿಯವರಲ್ಲಿ ನಮ್ಮ ವಿನಂತಿ ಇಷ್ಟೇ: ಆರಡಿ ಅಗಲದ ಆ ಜಗಲಿ ಉಳಿಯಲಿ, ಗೋಡೆಯ ಬಣ್ಣ ಬೇಕಾದರೆ ಮುಂದಿನ ವರ್ಷ ಬಳಿಯೋಣ.