ಓದದೆ ಹಾಕಿದ ಸಹಿ: ಬೈಬಲ್ಲಿಗೆ ಸೇರದ ಪುಸ್ತಕಗಳ ಲೆಕ್ಕ



ಈ ಸಲದ ಸಮಾವೇಶದಲ್ಲಿ ನೀವು ಮಾತಾಡಬೇಕು ಎಂದು ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದಾಗ, ಇವರಿಗೆ ಬೇಕಿರುವುದು ತೆರಿಗೆ ವಿಷಯ ಅಂದುಕೊಂಡೆ. ನಾನು ಗಣೇಶನ ಪೂಜೆಗೆ ಹೋದರೂ ಜನ ಪ್ರಸಾದ ಕೈಗಿಟ್ಟು ಕೇಳುವುದು ಅದನ್ನೇ: ಊರಿನ ಮನೆ ಬಾಡಿಗೆಯನ್ನು ಇಲ್ಲಿ ತೋರಿಸಬೇಕಾ ಸಾರ್? ಅದನ್ನೆಲ್ಲ ಕಾಫಿ ಹೊತ್ತಿನಲ್ಲಿ ಕೇಳಿ. ಇವತ್ತು ಬೇರೆ ಒಂದು ಲೆಕ್ಕ ಹೇಳುತ್ತೇನೆ. ಅದು ಶುರುವಾದದ್ದು ನನ್ನದೇ ತಪ್ಪಿನಿಂದ.

ನಿಮ್ಮಲ್ಲಿ ಹಲವರ ಮಕ್ಕಳ ಹಾಗೆ ನನ್ನ ಮಗಳೂ ಚರ್ಚ್ ಆಫ್ ಇಂಗ್ಲೆಂಡ್ ಶಾಲೆಗೆ ಹೋಗುತ್ತಾಳೆ. ಹದಿನಾಲ್ಕು ವರ್ಷ. ಧರ್ಮ ಅಧ್ಯಯನದ ಹೋಂವರ್ಕ್: ಹಳೆಯ ಕ್ರೈಸ್ತ ಬರಹಗಳಲ್ಲಿ ಕೆಲವು ಬೈಬಲ್ಲಿಗೆ ಏಕೆ ಸೇರಲಿಲ್ಲ? ಅಡುಗೆಮನೆಯಿಂದಲೇ ಕೂಗಿ ಕೇಳಿದಳು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದೆ: '325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ, ಓಟು ಹಾಕಿಸಿದ, ಬೇಡವಾದದ್ದನ್ನು ಸುಡಿಸಿದ.' ಎಷ್ಟು ಧೈರ್ಯದಿಂದ ಹೇಳಿದೆ ಅಂದರೆ ಅವಳು ಹಾಗೇ ಬರೆದುಕೊಂಡು ಹೋದಳು. ಮುಂದಿನ ವಾರ ಪುಸ್ತಕ ವಾಪಸ್ ಬಂತು. ಅಂಚಿನಲ್ಲಿ ಟೀಚರ್ ಬರೆದಿದ್ದರು: ಇದಕ್ಕೆ ಆಧಾರ ಏನು?

ಇಪ್ಪತ್ತು ವರ್ಷದಿಂದ ಗಿರಾಕಿಗಳ ಕಾಗದದ ಅಂಚಿನಲ್ಲಿ ನಾನು ಬರೆಯುತ್ತಾ ಬಂದ ಪ್ರಶ್ನೆ ಅದು. ನನ್ನ ಆಧಾರ ಏನಿತ್ತು? ವಿಮಾನದಲ್ಲಿ ಓದಿದ 'ದ ಡಾ ವಿಂಚಿ ಕೋಡ್' ಕಾದಂಬರಿ. ಮಗಳು ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ, ಮಕ್ಕಳಿರುವವರಿಗೆ ಗೊತ್ತಾಗುತ್ತದೆ. ಆಮೇಲೆ ಮೂರು ತಿಂಗಳು, ರಾತ್ರಿ ಊಟವಾದ ಮೇಲೆ, ಈ ವಿಷಯವನ್ನು ಒಂದು ಆಡಿಟ್ ಫೈಲಿನಂತೆ ಓದಿದೆ.

ಮೊದಲು ನೈಸಿಯಾ. ಅಲ್ಲಿ ಚರ್ಚೆಯಾದದ್ದು ಅರಿಯಸ್ ಎಂಬಾತನ ಬೋಧನೆ, ಅಂದರೆ ಯೇಸು ದೇವರಿಗೆ ಸಮಾನನೇ ಎಂಬ ಪ್ರಶ್ನೆ. ಜೊತೆಗೆ ಈಸ್ಟರ್ ಹಬ್ಬದ ದಿನ, ಪಾದ್ರಿಗಳ ನಡವಳಿಕೆಯ ನಿಯಮಗಳು. ಸಭೆ ಮಾಡಿದ 20 ನಿಯಮಗಳು ನಮ್ಮ ಕೈಯಲ್ಲಿವೆ, ಅವುಗಳಲ್ಲಿ ಪುಸ್ತಕಗಳ ಪಟ್ಟಿ ಇಲ್ಲ. ನೈಸಿಯಾದಲ್ಲಿ ಪುಸ್ತಕಗಳನ್ನು ಆರಿಸಿದರು ಎಂಬ ಕಥೆ ಬರುವುದು ಐದಾರು ಶತಮಾನ ಕಳೆದ ಮೇಲಿನ ಒಂದು ಗ್ರೀಕ್ ಬರಹದಲ್ಲಿ. ಆ ಕಥೆಯ ಪ್ರಕಾರ ಓಟೂ ಇಲ್ಲ. ಎಲ್ಲ ಪುಸ್ತಕಗಳನ್ನೂ ದೇವರ ಮೇಜಿನ ಬಳಿ ಇಟ್ಟು ಪ್ರಾರ್ಥಿಸಿದರು, ನಿಜವಾದವು ಮೇಲೆ ಉಳಿದವು, ಸುಳ್ಳಿನವು ಕೆಳಗೆ ಬಂದವು. ನಮಗೂ ಇಂಥ ಸೌಕರ್ಯ ಇದ್ದಿದ್ದರೆ ಮಾರ್ಚ್ ತಿಂಗಳಲ್ಲಿ ನಿದ್ದೆಯಾದರೂ ಬರುತ್ತಿತ್ತು.

ಹಾಗಾದರೆ ನಿಜವಾಗಿ ಏನಾಯಿತು? ಒಬ್ಬ ಬಿಷಪ್ಪರ ಕಥೆಯಿಂದ ಹೇಳುತ್ತೇನೆ. ಈ ಇಡೀ ಫೈಲಿನಲ್ಲಿ ನನಗೆ ಅತ್ಯಂತ ಹತ್ತಿರವಾದ ಮನುಷ್ಯ ಇವರು.

ಕ್ರಿ.ಶ. 200ರ ಆಸುಪಾಸು. ಅಂತಿಯೋಕ್ಯದ ಬಿಷಪ್ ಸೆರಾಪಿಯನ್ ತಮ್ಮ ವ್ಯಾಪ್ತಿಯ ರೋಸಸ್ ಎಂಬ ಕಡಲತೀರದ ಊರಿಗೆ ಹೋದರು. ಅಲ್ಲಿನ ಸಭೆಯವರು ಪೇತ್ರನ ಹೆಸರಿನ ಒಂದು ಸುವಾರ್ತೆಯನ್ನು ಓದುತ್ತಿದ್ದರು. ಅದರ ಬಗ್ಗೆ ಏನೋ ಜಗಳ. ಸೆರಾಪಿಯನ್ ಆ ಪುಸ್ತಕವನ್ನು ಬಿಡಿಸಿಯೂ ನೋಡಲಿಲ್ಲ. ಇಷ್ಟಕ್ಕೇ ಜಗಳ ಏಕೆ, ಓದಿಕೊಳ್ಳಿ ಎಂದು ಒಪ್ಪಿಗೆ ಕೊಟ್ಟು ಬಂದರು. ಆಮೇಲೆ ದೂರು ಬಂತು. ಆ ಪುಸ್ತಕವನ್ನು ಹಿಡಿದುಕೊಂಡವರು, ಯೇಸುವಿಗೆ ನಿಜವಾದ ದೇಹವೇ ಇರಲಿಲ್ಲ, ಇದ್ದಂತೆ ಕಂಡಿತು ಅಷ್ಟೇ ಎನ್ನುವ ಪಂಗಡದವರು ಎಂದು. ಆಗ ಸೆರಾಪಿಯನ್ ಅದೇ ಪಂಗಡದವರಿಂದ ಪ್ರತಿಯನ್ನು ಎರವಲು ತಂದು ಪೂರ್ತಿ ಓದಿದರು. ರೋಸಸ್ಸಿನವರಿಗೆ ಪತ್ರ ಬರೆದರು: ನಾನು ಓದದೆ ಒಪ್ಪಿದ್ದೆ, ಈಗ ಓದಿದ್ದೇನೆ, ಹೆಚ್ಚಿನ ಭಾಗ ಸರಿಯಾಗಿದೆ, ಕೆಲವು ಸೇರಿಸಿದವು ಇವೆ, ಅವು ಇಂಥಿಂಥವು. ಆ ಪತ್ರದ ಭಾಗವನ್ನು ನೂರು ವರ್ಷದ ಮೇಲೆ ಇತಿಹಾಸಕಾರ ಯುಸೇಬಿಯಸ್ ತನ್ನ ಗ್ರಂಥದಲ್ಲಿ ಉಳಿಸಿದ್ದರಿಂದ ನಮಗೆ ಸಿಕ್ಕಿದೆ.

ಇದನ್ನು ಓದಿದಾಗ ನನಗೆ ಬೆಂಗಳೂರಿನ ಒಂದು ಬಟ್ಟೆ ಗೋಡೌನ್ ನೆನಪಾಯಿತು. ಆರ್ಟಿಕಲ್‌ಶಿಪ್ಪಿನ ಮೊದಲ ವರ್ಷ, ಸ್ಟಾಕ್ ಎಣಿಸಲು ಕಳಿಸಿದ್ದರು. ಸೆಕೆ, ದೂಳು. ಮಾಲೀಕರು ಟೀ ತರಿಸಿ, 'ಎಲ್ಲಾ ಪಟ್ಟಿಯಲ್ಲಿದೆಯಲ್ಲ ಮರಿ' ಅಂದರು. ನಾನು ಒಂದು ಬಾಕ್ಸನ್ನೂ ಬಿಚ್ಚದೆ ಸಾಲಾಗಿ ಟಿಕ್ ಹಾಕಿದೆ. ನಮ್ಮ ಸೀನಿಯರ್ ಮಾರನೆಯ ದಿನ ಬಂದು ನಾಲ್ಕು ಬಾಕ್ಸ್ ಬಿಚ್ಚಿಸಿದರು. ಎರಡರಲ್ಲಿ ಹಳೆ ಪೇಪರ್ ಇತ್ತು. ಬೈಯಲಿಲ್ಲ, ನನ್ನ ಟಿಕ್‌ಗಳನ್ನು ನನ್ನ ಕೈಯಲ್ಲೇ ಒಂದೊಂದಾಗಿ ಹೊಡೆದುಹಾಕಿಸಿ ಪಕ್ಕದಲ್ಲಿ ಸಹಿ ಹಾಕಿಸಿದರು. ಸೆರಾಪಿಯನ್ನರ ಪತ್ರ ನನ್ನ ಕಣ್ಣಿಗೆ ಅಂಥ ಒಂದು ಸಹಿ.

ಆ ಪೇತ್ರನ ಸುವಾರ್ತೆಯ ಒಂದು ತುಣುಕು 1886-87ರ ಚಳಿಗಾಲದಲ್ಲಿ ಈಜಿಪ್ಟಿನ ಅಖ್ಮೀಮ್‌ನಲ್ಲಿ ಒಂದು ಸಮಾಧಿಯೊಳಗೆ ಸಿಕ್ಕಿತು. ಅದರಲ್ಲಿ ಶಿಲುಬೆಗೇರಿಸುವ ಅಪ್ಪಣೆ ಕೊಡುವವನು ಪಿಲಾತನಲ್ಲ, ಹೆರೋದ. ಯೇಸು ನೋವೇ ಇಲ್ಲದವನಂತೆ ಮೌನವಾಗಿರುತ್ತಾನೆ. ಸಮಾಧಿಯಿಂದ ಶಿಲುಬೆ ತಾನೇ ಹೊರಬಂದು ಮಾತಾಡುತ್ತದೆ. ಓದಲು ಸೊಗಸು, ಸೆರಾಪಿಯನ್ನರಿಗೆ ತೊಡಕಾದದ್ದು ಎಲ್ಲಿ ಎಂಬುದನ್ನು ಊಹಿಸುವುದೂ ಕಷ್ಟವಲ್ಲ.

ಹೀಗೆ ಊರೂರಿನಲ್ಲಿ, ಮುನ್ನೂರು ವರ್ಷ, ಜನ ಕೇಳುತ್ತಾ ಬಂದ ಪ್ರಶ್ನೆಗಳು ನಮಗೆ ಅಪರಿಚಿತವಲ್ಲ. ಯಾರು ಬರೆದದ್ದು, ಯಾವಾಗ, ಎಲ್ಲೆಲ್ಲಿ ಮೊದಲಿನಿಂದ ಓದುತ್ತಿದ್ದಾರೆ, ಉಳಿದ ದಾಖಲೆಗಳಿಗೆ ತಾಳೆಯಾಗುತ್ತದೆಯೇ? 'ಹರ್ಮಸನ ಕುರುಬ' ಎಂಬ ಪುಸ್ತಕ ಜನರಿಗೆ ಬಹಳ ಪ್ರಿಯವಾಗಿತ್ತು. ಮುರಟೋರಿ ಎಂಬ ವಿದ್ವಾಂಸರು 1740ರಲ್ಲಿ ಪ್ರಕಟಿಸಿದ ಒಂದು ಹಳೆಯ ಪಟ್ಟಿ ಅದರ ಬಗ್ಗೆ ಹೇಳುವುದು ಇಷ್ಟು: ಇದು ನಮ್ಮ ಕಾಲದಲ್ಲೇ ರೋಮಿನಲ್ಲಿ ಬರೆದದ್ದು, ಮನೆಯಲ್ಲಿ ಓದಿ, ಸಭೆಯಲ್ಲಿ ಅಪೊಸ್ತಲರ ಬರಹದ ಜೊತೆ ಓದಬೇಡಿ. ಪುಸ್ತಕ ಕೆಟ್ಟದ್ದು ಎಂದಲ್ಲ, ತಾರೀಕು ತಡವಾಯಿತು. ಮಾರ್ಚ್ 31ರ ನಂತರದ ವೋಚರ್ ನಿಜವೇ ಆಗಿದ್ದರೂ ಈ ವರ್ಷದ ಪುಸ್ತಕಕ್ಕೆ ಬರುವುದಿಲ್ಲವಲ್ಲ, ಹಾಗೆ.

ಯುಸೇಬಿಯಸ್ 4ನೇ ಶತಮಾನದ ಆರಂಭದಲ್ಲಿ ಎಲ್ಲವನ್ನೂ ಗುಂಪು ಮಾಡಿದ: ಎಲ್ಲರೂ ಒಪ್ಪಿದವು, ವಿವಾದದಲ್ಲಿರುವವು, ತಳ್ಳಿಹಾಕಿದವು. ಯಾಕೋಬನ ಪತ್ರ, ಯೂದನ ಪತ್ರ, ಪೇತ್ರನ ಎರಡನೆಯ ಪತ್ರ ಅವನ ಕಾಲಕ್ಕೂ ವಿವಾದದಲ್ಲೇ ಇದ್ದವು. ನಾವಾದರೆ ಸಸ್ಪೆನ್ಸ್ ಖಾತೆ ಅನ್ನುತ್ತೇವೆ. ಪ್ರಕಟನೆ ಪುಸ್ತಕವನ್ನಂತೂ ಅವನು ಎರಡು ಕಡೆ ಬರೆದಿದ್ದಾನೆ, ಒಪ್ಪಿದವುಗಳಲ್ಲೂ ಸರಿ, ತಳ್ಳಿದವುಗಳಲ್ಲೂ ಸರಿ, ನಿಮಗೆ ಕಂಡ ಹಾಗೆ ಎಂದು. ನನ್ನ ಕೈಕೆಳಗಿನ ಹುಡುಗ ಹೀಗೆ ಮಾಡಿದರೆ ಫೈಲ್ ವಾಪಸ್ ಕಳಿಸುತ್ತೇನೆ. ಆದರೆ ಇಲ್ಲಿ ಆ ಎರಡು ನಮೂದು ನೋಡಿ ನನಗೆ ಸಮಾಧಾನವಾಯಿತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯಲಿಲ್ಲ ಆತ.

ಇಂದಿನ 27 ಪುಸ್ತಕಗಳ ಪಟ್ಟಿ ಯಥಾವತ್ತಾಗಿ ಮೊದಲು ಕಾಣುವುದು 367ರಲ್ಲಿ, ಅಲೆಕ್ಸಾಂಡ್ರಿಯದ ಅಥನೇಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ. ನೈಸಿಯಾ ಆಗಿ 42 ವರ್ಷ. ಆಮೇಲೂ ಸಿರಿಯಾಕ್ ಸಭೆಗಳು 22 ಪುಸ್ತಕಗಳ ಹೊಸ ಒಡಂಬಡಿಕೆಯನ್ನೇ ಓದುತ್ತಿದ್ದವು.

ಹಾಗೆಂದು ಎಲ್ಲವೂ ಶುದ್ಧ ಲೆಕ್ಕ ಎಂದು ನಾನು ಪ್ರಮಾಣಪತ್ರ ಕೊಡಲಾರೆ. 'ಪೌಲನ ಕೃತ್ಯಗಳು' ಎಂಬ ಬರಹ ಇತ್ತು. ಅದನ್ನು ಬರೆದ ಏಷ್ಯಾ ಪ್ರಾಂತ್ಯದ ಪಾದ್ರಿ, ಪೌಲನ ಮೇಲಿನ ಪ್ರೀತಿಯಿಂದ ಬರೆದೆ ಎಂದು ಒಪ್ಪಿಕೊಂಡು ಹುದ್ದೆ ಬಿಟ್ಟ ಎಂದು ಟೆರ್ಟುಲಿಯನ್ ಹೇಳುತ್ತಾನೆ. ಆಧಾರ ಗಟ್ಟಿ. ಆದರೆ ಟೆರ್ಟುಲಿಯನ್ ಆ ಮಾತು ಎತ್ತಿದ್ದು ಏಕೆ? ಆ ಬರಹದಲ್ಲಿ ತೆಕ್ಲಾ ಎಂಬ ಹೆಣ್ಣುಮಗಳು ಬೋಧಿಸುತ್ತಾಳೆ. ಅವಳನ್ನು ತೋರಿಸಿ ಕೆಲವು ಹೆಂಗಸರು ತಮಗೂ ಬೋಧಿಸುವ, ದೀಕ್ಷಾಸ್ನಾನ ಕೊಡಿಸುವ ಹಕ್ಕು ಇದೆ ಎನ್ನುತ್ತಿದ್ದರು. ಅವರ ಬಾಯಿ ಮುಚ್ಚಿಸಬೇಕಿತ್ತು. ಪರಿಶೋಧಕನಿಗೇ ಆಸಕ್ತಿ ಇರುವ ಲೆಕ್ಕವನ್ನು ಹೇಗೆ ನೋಡಬೇಕೆಂದು ಇಲ್ಲಿರುವ ನನ್ನ ವೃತ್ತಿಯವರಿಗೆ ಹೇಳಬೇಕಿಲ್ಲ. ಇನ್ನೊಂದು ಕಡೆ, ಬರೆದವರ ಹೆಸರೇ ಇಲ್ಲದ ಇಬ್ರಿಯರ ಪತ್ರ ಪೌಲನ ಹೆಸರಿನ ನೆರಳಿನಲ್ಲಿ ಒಳಗೆ ಬಂತು.

ಸುಟ್ಟ ವಿಷಯ. ಮೊದಲು ದೊಡ್ಡ ಪ್ರಮಾಣದಲ್ಲಿ ಸುಡಿಸಿದ್ದು 303ರಲ್ಲಿ, ಕ್ರೈಸ್ತರ ಗ್ರಂಥಗಳನ್ನೆಲ್ಲ ಒಪ್ಪಿಸಿ ಎಂದ ಡಯೊಕ್ಲೆಶಿಯನ್ ಚಕ್ರವರ್ತಿ. ಕಾರ್ಥೇಜಿನ ಬಿಷಪ್ ಮೆನ್ಸೂರಿಯಸ್ ಏನು ಮಾಡಿದರು ಗೊತ್ತಾ? ಪವಿತ್ರ ಗ್ರಂಥಗಳನ್ನು ಅಡಗಿಸಿ, ವಿರೋಧಿ ಪಂಗಡದವರ ಪುಸ್ತಕಗಳನ್ನು ಚರ್ಚಿನಲ್ಲಿಟ್ಟರು. ಅಧಿಕಾರಿಗಳು ಅವನ್ನೇ ತೆಗೆದುಕೊಂಡು ಹೋದರು. ನಗಬೇಡಿ, ಇನ್‌ಸ್ಪೆಕ್ಷನ್ ದಿನ ಯಾವ ಫೈಲ್ ಮುಂದಿಡುವುದು ಎಂಬುದು ಅಂದೂ ಇತ್ತು. ಯಾವ ಪುಸ್ತಕಕ್ಕಾಗಿ ಪ್ರಾಣ ಕೊಡಬೇಕು, ಯಾವುದನ್ನು ಕೊಟ್ಟುಬಿಡಬಹುದು ಎಂದು ಆ ವರ್ಷ ಬಾಗಿಲಲ್ಲಿ ಸೈನಿಕರು ನಿಂತಾಗ ನಿರ್ಧರಿಸಬೇಕಾಯಿತು.

ಉಳಿದವು ಹೆಚ್ಚಾಗಿ ಸತ್ತದ್ದು ಪ್ರತಿ ಮಾಡುವವರಿಲ್ಲದೆ. ಪಪೈರಸ್ ಕೊಳೆಯುತ್ತದೆ, ಚರ್ಮದ ಹಾಳೆ ದುಬಾರಿ, ಪಟ್ಟಿಯಲ್ಲಿಲ್ಲದ್ದಕ್ಕೆ ಯಾರು ದುಡ್ಡು ಹಾಕುತ್ತಾರೆ? ಈಜಿಪ್ಟಿನ ಒಣ ಮರಳು ಉಳಿಸಿದ್ದಷ್ಟೇ ಉಳಿಯಿತು. 1945ರಲ್ಲಿ ನಾಗ್ ಹಮ್ಮಾದಿಯ ಬಳಿ ರೈತರಿಗೆ ಸಿಕ್ಕ ಹಸ್ತಪ್ರತಿಗಳಲ್ಲಿ ತೋಮನ ಸುವಾರ್ತೆ ಇತ್ತು. 114 ಮಾತುಗಳು, ಶಿಲುಬೆಯ ಕಥೆಯೇ ಇಲ್ಲ.

ಅದೇ ತೋಮನ ಹೆಸರಿನ ಇನ್ನೊಂದು ಬರಹ, 'ತೋಮನ ಕೃತ್ಯಗಳು', ನಮ್ಮಂಥವರಿಗೆ ಬರೆದಂತಿದೆ. ತೋಮ ಇಂಡಿಯಾಕ್ಕೆ ಹೋಗಲು ಒಪ್ಪುವುದಿಲ್ಲ, ನಾನು ಇಬ್ರಿಯ, ಅಲ್ಲಿ ಹೇಗೆ ಬಾಳಲಿ ಅನ್ನುತ್ತಾನೆ. ಯೇಸು ಅವನನ್ನು ಬಡಗಿಯೆಂದು ಒಬ್ಬ ವ್ಯಾಪಾರಿಗೆ ಬೆಳ್ಳಿಗೆ ಮಾರಿ, ಪತ್ರ ಬರೆದುಕೊಟ್ಟು ಕಳಿಸುತ್ತಾನೆ. ಅಲ್ಲಿ ರಾಜ ಗೊಂಡೋಫರ್ನೀಸ್ ಅರಮನೆ ಕಟ್ಟಲು ಹಣ ಕೊಟ್ಟರೆ ತೋಮ ಬಡವರಿಗೆ ಹಂಚಿಬಿಡುತ್ತಾನೆ. ರಾಜ ಲೆಕ್ಕ ಕೇಳಿದಾಗ, ಅರಮನೆ ಸ್ವರ್ಗದಲ್ಲಿದೆ, ಸತ್ತ ಮೇಲೆ ಕಾಣುತ್ತದೆ ಎನ್ನುತ್ತಾನೆ! ಆ ಹೆಸರಿನ ರಾಜ ನಿಜವಾಗಿ ಇದ್ದನೆಂದು 19ನೇ ಶತಮಾನದಲ್ಲಿ ಸಿಕ್ಕ ನಾಣ್ಯಗಳಿಂದ ತಿಳಿಯಿತು. ಆದರೂ ಪುಸ್ತಕ 3ನೇ ಶತಮಾನದ್ದು, ಮದುವೆಯೇ ಬೇಡವೆನ್ನುತ್ತದೆ, ಒಳಗೆ ಬರಲಿಲ್ಲ. ನನಗೆ ಇದು ಹೊರಗೆ ಉಳಿದದ್ದಕ್ಕೆ ಬೇಸರವಿಲ್ಲ, ಉಳಿದು ಬಂದದ್ದಕ್ಕೆ ಸಂತೋಷವಿದೆ.

ಕಳೆದ ಬೇಸಿಗೆಯಲ್ಲಿ ಮಗಳನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಕರೆದುಕೊಂಡು ಹೋದೆ. 1933ರಲ್ಲಿ ಸೋವಿಯತ್ ಸರ್ಕಾರದಿಂದ 1,00,000 ಪೌಂಡ್ ಕೊಟ್ಟು ತಂದ ಸಿನಾಯ್ ಹಸ್ತಪ್ರತಿ ಅಲ್ಲಿದೆ, 4ನೇ ಶತಮಾನದ್ದು. ಅದರ ಹೊಸ ಒಡಂಬಡಿಕೆ ಪ್ರಕಟನೆಗೆ ಮುಗಿಯುವುದಿಲ್ಲ. ಅದೇ ಅಕ್ಷರದಲ್ಲಿ, ಅದೇ ನಾಲ್ಕು ಸಾಲುಪಟ್ಟಿಯಲ್ಲಿ ಮುಂದೆ ಬಾರ್ನಬನ ಪತ್ರ, ಆಮೇಲೆ ಹರ್ಮಸನ ಕುರುಬ. ಗಾಜಿನ ಮುಂದೆ ನಿಂತು ಇದನ್ನೆಲ್ಲ ಹೇಳಿದೆ, ರೋಸಸ್ಸಿನ ಕಥೆಯನ್ನೂ ಹೇಳಿದೆ.

'ಅಪ್ಪಾ, ಸೆರಾಪಿಯನ್ ಎರವಲು ತಂದ ಪುಸ್ತಕವನ್ನು ವಾಪಸ್ ಕೊಟ್ಟರಾ?' ಅಂದಳು.

ಬಾಯಿಗೆ ಬಂದಿತ್ತು, ಕೊಟ್ಟರು ಅಂತ. ತಡೆದುಕೊಂಡೆ. ಮನೆಗೆ ಹೋಗಿ ಯುಸೇಬಿಯಸ್ ನೋಡಿ ಹೇಳುತ್ತೇನೆ ಅಂದೆ.

ಕಾಫಿ ಬಂದಿದೆಯಂತೆ. ಬಾಡಿಗೆಯವರು ಅಲ್ಲಿ ಸಿಗಿ.