ಲಕೋಟೆ ಬಿಟ್ಟ ಅಂಚೆಚೀಟಿ



ಹಳೆಯ ಲಕೋಟೆ ಸಿಕ್ಕೊಡನೆ ಅಂಚೆಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸುವುದು ಅನೇಕ ಸಂಗ್ರಾಹಕರ ವಾಡಿಕೆ. ಪುರಾತನ ಚೀಟಿಗಳ ಮಟ್ಟಿಗೆ ಇದು ಇತಿಹಾಸವನ್ನೇ ತೊಳೆದುಹಾಕಿದಂತೆ.

ಏಷ್ಯಾದ ಮೊದಲ ಅಂಚೆಚೀಟಿಯಾದ ‘ಸಿಂಧ್ ಡಾಕ್’ ಅನ್ನೇ ನೋಡಿ. 1852ರಲ್ಲಿ ಸಿಂಧ್ ಪ್ರಾಂತದ ಕಮಿಷನರ್ ಬಾರ್ಟಲ್ ಫ್ರಿಯರ್ ಜಾರಿಗೆ ತಂದ ಈ ದುಂಡನೆಯ ಚೀಟಿಯ ಬೆಲೆ ಅರ್ಧ ಆಣೆ. ಮೇಲೆ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರ ಮುದ್ರೆಯ ಉಬ್ಬಚ್ಚು. ಕೆಂಪು ಅರಗಿನ ಚೀಟಿ ಸುಲಭವಾಗಿ ಒಡೆಯುತ್ತಿತ್ತು. ಬಿಳಿ, ನೀಲಿ ಬಣ್ಣದವೂ ಇದ್ದವು. 1854ರಲ್ಲಿ ವಿಕ್ಟೋರಿಯಾ ರಾಣಿಯ ಚಿತ್ರದ ಚೀಟಿಗಳು ಬ್ರಿಟಿಷ್ ಭಾರತಕ್ಕೆಲ್ಲ ಬಂದಾಗ ಸಿಂಧ್ ಡಾಕ್ ಚಲಾವಣೆ ನಿಂತಿತು.

ಇಂಥ ಚೀಟಿ ಬಿಡಿಯಾಗಿದ್ದರೆ ಅದರ ಬೆಲೆಯಷ್ಟೇ ತಿಳಿಯುತ್ತದೆ. ಲಕೋಟೆಯ ಮೇಲೆಯೇ ಇದ್ದರೆ ವಿಳಾಸ, ಅಂಚೆಯ ಠಸ್ಸೆ, ಕೈಬರಹ ಎಲ್ಲವೂ ಸೇರಿ ಆ ಕಾಗದ ನಡೆದ ದಾರಿಯನ್ನು ತಿಳಿಸುತ್ತವೆ.

ಪ್ರದರ್ಶನಕ್ಕೂ ಇದೇ ಎಚ್ಚರ ಬೇಕು. ಬೆಳಕು ಬಣ್ಣವನ್ನು ಮಾಸಿಸುತ್ತದೆ, ಗೋಂದು ಕಾಗದವನ್ನು ಕೆಡಿಸುತ್ತದೆ, ಬೆರಳಿನ ಜಿಡ್ಡು ಕಲೆಯಾಗಿ ಉಳಿಯುತ್ತದೆ. ಚೀಟಿಯನ್ನು ಚಿಮುಟದಿಂದಲೇ ಎತ್ತಬೇಕು. ಮೂಲ ಪ್ರತಿ ಆಲ್ಬಮ್ಮಿನ ಪಾರದರ್ಶಕ ಜೇಬಿನಲ್ಲಿರಲಿ, ಗೋಡೆಯ ಚೌಕಟ್ಟಿಗೆ ಅದರ ಬಣ್ಣದ ನಕಲು ಸಾಕು. ನೋಡುವವರ ಕಣ್ಣಿಗೆ ನಷ್ಟವಿಲ್ಲ, ಮುಂದಿನವರಿಗೆ ಮೂಲವೂ ಉಳಿಯುತ್ತದೆ.