ಬೇಲಿಯಲ್ಲಿ ಉಳಿದು ಕಾಡಿನಲ್ಲಿ ಅಳಿದ ಮರ

(ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೊಡಗು, ನೀಲಗಿರಿಗಳ ಮನೆಯಂಗಳಗಳಲ್ಲಿ ಗಂಟೆಯಂತೆ ಕೆಳಮುಖವಾಗಿ ತೂಗುವ ಗೇಣುದ್ದದ ಹೂಗಳನ್ನು ನೀವು ಕಂಡಿರಬಹುದು. ಅನೇಕರು ಅದನ್ನು ದತ್ತೂರವೆಂದೇ ಭಾವಿಸುತ್ತಾರೆ. ಅದು ದತ್ತೂರದ ದಾಯಾದಿ, ಹೆಸರು ಬ್ರಗ್‌ಮಾನ್ಸಿಯ. ದತ್ತೂರದ ಹೂ ಮೇಲ್ಮುಖ, ಕಾಯಿಗೆ ಮುಳ್ಳು. ಇದರ ಕಾಯಿ ನುಣುಪು, ಕಾಂಡ ಮರದಂತೆ ಗಟ್ಟಿ.

ಇದರ ತವರು ದಕ್ಷಿಣ ಅಮೆರಿಕ. ಕೊಲಂಬಿಯ, ಎಕ್ವಡಾರ್, ಪೆರು ದೇಶಗಳ ಆಂಡೀಸ್ ಪರ್ವತಗಳಲ್ಲಿ, 2,000 ಮೀಟರಿಗೂ ಮೇಲಿನ ಮಂಜು ಕವಿದ ಎತ್ತರವೇ ಕೆಂಪು ಹೂವಿನ ಬ್ರಗ್‌ಮಾನ್ಸಿಯ ಸಾಂಗ್ವಿನಿಯದ ಮೂಲನೆಲೆ. ಬಿಳಿ ಹೂವಿನ ಪ್ರಭೇದಗಳನ್ನು ಇರುಳಿನ ಪತಂಗಗಳು ಪರಿಮಳ ಹಿಡಿದು ಅರಸಿ ಬರುತ್ತವೆ. ಪರಿಮಳವಿಲ್ಲದ ಈ ಕೆಂಪು ಹೂವಿಗೆ ಬರುವುದು ಖಡ್ಗದಂತಹ ನೀಳ ಕೊಕ್ಕಿನ ಹಮ್ಮಿಂಗ್ ಹಕ್ಕಿ. ಬಾಲವನ್ನು ಬಿಟ್ಟರೆ ಅದರ ಮೈಗಿಂತ ಕೊಕ್ಕೇ ಉದ್ದ.

ಈ ಮರದ ಎಲೆ, ಹೂ, ಬೀಜ, ಬೇರು ಎಲ್ಲವೂ ವಿಷ. ಇದರಲ್ಲಿರುವ ಸ್ಕೋಪಾಲಮಿನ್, ಅಟ್ರೋಪಿನ್ ಮುಂತಾದವು ನರಗಳ ಸಂದೇಶವನ್ನು ತಡೆಯುತ್ತವೆ. ಬಾಯಿ ಒಣಗುತ್ತದೆ, ಎದೆಬಡಿತ ಏರುತ್ತದೆ, ಮತಿಭ್ರಮಣೆಯಾಗುತ್ತದೆ, ಪ್ರಾಣವೂ ಹೋಗಬಹುದು. ಗಿಡ ಸವರಿದ ಕೈಯಿಂದ ಕಣ್ಣುಜ್ಜಿದರೂ ಪಾಪೆ ಹಿಗ್ಗಿ ನೋಟ ಮಸುಕಾಗುತ್ತದೆ. ಕೆಲವು ಬಗೆಯ ಕೀಟನಾಶಕಗಳ ವಿಷಬಾಧೆಗೆ ಆಸ್ಪತ್ರೆಗಳಲ್ಲಿ ಕೊಡುವ ಮದ್ದು ಕೂಡ ಅಟ್ರೋಪಿನ್ನೇ. ಹಾಗೆಂದು ಈ ಎಲೆಯ ಕಷಾಯ ಮದ್ದಾಗದು. ಗಿಡದಿಂದ ಗಿಡಕ್ಕೆ ವಿಷದ ಪ್ರಮಾಣ ಬೇರೆ; ಅಳತೆಯಿಲ್ಲದ ಮದ್ದು ವಿಷವೇ. ಯಾರಾದರೂ ತಿಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟು ವಿಷವಿದ್ದೂ ಈ ಮರಕ್ಕೆ ತನ್ನನ್ನು ಕಾಪಾಡಿಕೊಳ್ಳಲಾಗಲಿಲ್ಲ. 2014ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ‘ವನ್ಯಸ್ಥಿತಿಯಲ್ಲಿ ನಿರ್ನಾಮ’ ಎಂಬ ಪಟ್ಟಿಗೆ ಸೇರಿಸಿತು. ಬೀಜಗಳನ್ನು ಹರಡುತ್ತಿದ್ದ ಪ್ರಾಣಿಗಳು ಅಳಿದದ್ದೇ ಕಾರಣವಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ತವರಿನಲ್ಲಿಯೂ ಅದು ಉಳಿದಿರುವುದು ಜನರು ನೆಟ್ಟ ಕೊಂಬೆಗಳಿಂದ. ಕೊಂಬೆಯಿಂದ ಬಂದ ಗಿಡ ತಾಯಿಗಿಡದ ಪಡಿಯಚ್ಚು. ಒಂದಕ್ಕೆ ತಗಲಿದ ರೋಗಕ್ಕೆ ಎಲ್ಲವೂ ಬಲಿಯಾಗಬಹುದು.

ನಮ್ಮ ಕಾಡಿಗೆ ಇನ್ನೂ ಆ ಗತಿ ಬಂದಿಲ್ಲ. ರಾಮಪತ್ರೆಯ ಬೀಜವನ್ನು ಹೊತ್ತೊಯ್ದು ದೂರದಲ್ಲಿ ಉದುರಿಸಲು ಮಂಗಟ್ಟೆ ಹಕ್ಕಿ ಇದೆ. ಹಕ್ಕಿ ಹೋದರೆ ರಾಮಪತ್ರೆಯನ್ನೂ ನಾವು ಅಂಗಳದಲ್ಲಿ ನೆಟ್ಟು ಕಾಯಬೇಕಾದೀತು. ಮರವನ್ನು ಉಳಿಸಿದ ಮಾತ್ರಕ್ಕೆ ಕಾಡು ಉಳಿಯದು. ಮರವನ್ನು ಹುಟ್ಟಿಸುವ ಸಂಬಂಧಗಳೂ ಉಳಿಯಬೇಕು.

ಕೊನೆಯದಾಗಿ ಎರಡು ವಿನಂತಿ. ಮಕ್ಕಳು, ದನಕರುಗಳು ಸುಳಿಯುವಲ್ಲಿ ಬ್ರಗ್‌ಮಾನ್ಸಿಯವನ್ನು ನೆಡಬೇಡಿ. ಸವರಿದ ಕೊಂಬೆಗಳನ್ನು ಹಳ್ಳದ ದಂಡೆಯಲ್ಲಾಗಲೀ ಕಾಡಿನಂಚಿನಲ್ಲಾಗಲೀ ಎಸೆಯಬೇಡಿ. ಅವು ಸುಲಭವಾಗಿ ಬೇರೂರುತ್ತವೆ. ತವರಿನ ಕಾಡನ್ನು ಕಳೆದುಕೊಂಡ ಮರ ನಮ್ಮ ಕಾಡಿನ ಜಾಗವನ್ನು ಆಕ್ರಮಿಸುವಂತಾಗಬಾರದು.